ಮಂತ್ರ ಒಂದೇ, ಮಾತು ಬೇರೆ

ನನ್ನ ಕಾಲ್ಪನಿಕ ಲೋಕದಲ್ಲಿ ಬೆಟ್ಟಸಾಲಿನ ಆಚೆಗೊಂದು ನಾಡು, ಈಚೆಗೊಂದು ನಾಡು. 800 ವರ್ಷಗಳ ಹಿಂದೆ ಎರಡೂ ಕಡೆ ಒಂದೇ ಮಾತಿತ್ತು. ಧರ್ಮಗ್ರಂಥ ಈಗಲೂ ಒಂದೇ, ಶಾಲೆ ನಡೆಸುವ ಮಠವೂ ಒಂದೇ. ಹಾಗಾದರೆ ಭಾಷೆ ಎಷ್ಟು ದೂರ ಸರಿದಿರಬೇಕು? ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಶಾಲೆ, ಧರ್ಮ ಒಂದೇ ಇದ್ದರೆ ಭಾಷೆ ಒಡೆಯುವುದಿಲ್ಲ ಅಂತ ಅನಿಸುವುದು ಸಹಜ. ಆದರೆ ಪಶ್ಚಿಮ ಯುರೋಪನ್ನು ನೋಡಿ. ಚರ್ಚಿಗೂ ಓದಿಗೂ ಲ್ಯಾಟಿನ್ನೇ ಇತ್ತು. ಆದರೂ 813ರಲ್ಲಿ ಈಗಿನ ಫ್ರಾನ್ಸಿನ ಟೂರ್‌ನಲ್ಲಿ ಸೇರಿದ ಬಿಷಪ್‌ಗಳು, ಪ್ರವಚನ ಜನರಾಡುವ ಮಾತಿನಲ್ಲೇ ಇರಲಿ ಅಂತ ಹೇಳಬೇಕಾಯಿತು. ಮಗು ಮಾತು ಕಲಿಯುವುದು ಮನೆಯಲ್ಲಿ. ಶಾಲೆಗೆ ಬರುವಷ್ಟರಲ್ಲಿ ನಾಲಿಗೆ ಪಳಗಿರುತ್ತದೆ, ಅಲ್ವಾ?

ಹಾಗಾಗಿ ಉಚ್ಚಾರವನ್ನು ಅದರ ಪಾಡಿಗೆ ಬಿಟ್ಟೆ. ಹಳೆಯ ಭಾಷೆಯಲ್ಲಿ ನೀರಿಗೆ ‘ನೆಕಾಪು’. ಆಚೆ ನಾಡಿನಲ್ಲಿ ಸ್ವರಗಳ ನಡುವಿನ ಕ, ಪ ಮೆತ್ತಗಾಗಿ ಕೊನೆಯ ಉಕಾರ ಬಿದ್ದುಹೋಯಿತು: ‘ನೆಗಾಬ್’. ಈಚೆ ಕಡೆ ಕ ಕರಗಿ, ಪ ವಕಾರವಾಯಿತು: ‘ನ್ಯಾವು’. ಒಬ್ಬರ ನೀರು ಇನ್ನೊಬ್ಬರಿಗೆ ತಿಳಿಯದು. ಆದರೆ ಪೂಜೆಯ ತೀರ್ಥಕ್ಕೆ ಎರಡೂ ಕಡೆ ‘ನೆಕಾಪು’ ಅಂತಲೇ ಅನ್ನುತ್ತಾರೆ. ನಮ್ಮ ತತ್ಸಮ, ತದ್ಭವದ ಹಾಗೆಯೇ. ಫ್ರೆಂಚಿನ ‘ಫ್ರೆಲ್’, ‘ಫ್ರಾಜಿಲ್’ ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಪದ. ಮೊದಲನೆಯದು ಬಾಯಿಂದ ಬಾಯಿಗೆ ಸವೆದು ಬಂದದ್ದು, ಎರಡನೆಯದು ಪುಸ್ತಕದಿಂದ ಬಂದದ್ದು.

ಮಠದ ಹಿಡಿತ ಇರುವುದು ಈ ಮೇಲಿನ ಪದರದ ಮೇಲೆ: ಬರವಣಿಗೆ, ಕಾನೂನು, ಪೂಜೆ, ಲೆಕ್ಕ. ಅದೂ ಗ್ರಂಥ ಯಾವ ಭಾಷೆಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಣೆಯ ನಂತರ ನಾರ್ವೆಯವರು ಡ್ಯಾನಿಶ್ ಬೈಬಲ್ ಓದಿದರು, ಅವರ ಬರಹವೂ ಡ್ಯಾನಿಶ್ ಆಯಿತು. ಐಸ್‌ಲ್ಯಾಂಡಿನವರು 1584ರಲ್ಲಿ ಇಡೀ ಬೈಬಲನ್ನು ತಮ್ಮ ನುಡಿಯಲ್ಲೇ ಅಚ್ಚು ಹಾಕಿದರು, ಬರಹ ಅವರ ಕೈಯಲ್ಲೇ ಉಳಿಯಿತು. ಇದನ್ನು ಓದಿದ ಮೇಲೆ ಈಚೆ ನಾಡಿಗೆ ಒಬ್ಬ ಅನುವಾದಕಿಯನ್ನು ಕೊಟ್ಟೆ. ಅವಳ ಕಾಲದಿಂದ ಈಚೆಯವರು ‘ನ್ಯಾವು’ ಅಂತಲೇ ಬರೆಯುತ್ತಾರೆ.

ಧರ್ಮ ಬದಲಿಸಿದ ಒಂದು ದ್ವೀಪವೂ ಬೇಕಿತ್ತು. ಮಾದರಿ ಮಾಲ್ಟಾ ದ್ವೀಪದ ಭಾಷೆ ಮಾಲ್ಟೀಸ್. ಹುಟ್ಟು ಅರಬ್ಬಿಯದೇ. ಆದರೆ ಜನ ಕ್ರೈಸ್ತರಾದ ಮೇಲೆ ಕುರಾನಿನ ಅರಬ್ಬಿಯ ನಂಟು ಕಡಿಯಿತು. ಲಿಪಿ ಲ್ಯಾಟಿನ್, ಪದಗಳಲ್ಲಿ ಸಿಸಿಲಿ, ಇಟಲಿಯವು ಹೇರಳ. ನನ್ನ ದ್ವೀಪದವರಿಗೂ ‘ನೆಕಾಪು’ ಗೊತ್ತಿಲ್ಲ.

ಈಗ ಪದಕೋಶದಲ್ಲಿ ಪ್ರತಿ ಪದದ ಪಕ್ಕ ಮನೆ, ಶಾಲೆ, ಗುಡಿ ಅಂತ ಗುರುತು ಹಾಕುತ್ತೇನೆ. ಗುಡಿಯ ಪದಕ್ಕೆ ಧ್ವನಿ ಬದಲಾವಣೆಯ ನಿಯಮ ತಾಗಿಸುವುದಿಲ್ಲ.