ಹಳೇ ಕ್ಯಾರವಾನ್ ತಂದ್ರಾ? ನೀರು ಹಾಕೋ ಮುಂಚೆ ಒಂದು ಸುತ್ತು ನೋಡಿ

ಹಾಸಿಗೆ, ಸಿಂಕ್, ಟಾಯ್ಲೆಟ್ ಎಲ್ಲಾ ಒಳಗೇ ಇರುವ ಹಳೇ ಕ್ಯಾರವಾನ್ ಗಾಡಿ ಮನೆ ಮುಂದೆ ಬಂದು ನಿಂತ ದಿನವೇ ಪೈಪ್ ಹಿಡಿದು ತೊಳೆಯೋಕೆ ಹೋಗಬೇಡಿ. ಸುಮ್ಮನಿರೋದು ಕಷ್ಟ, ಗೊತ್ತು. ಆದರೆ ನಿಮಗೆ ಬೇಕಾದ ಗುರುತೆಲ್ಲಾ ಆ ಕೊಳೆಯಲ್ಲೇ ಇದೆ. ಮಳೆ ನೀರು ಎಲ್ಲಿಂದ ಇಳಿದಿದೆ, ಇಲಿ ಯಾವ ತೂತಿನಿಂದ ನುಗ್ಗಿದೆ, ಕಿಟಕಿಯ ರಬ್ಬರ್ ಎಲ್ಲಿ ಬಿಟ್ಟಿದೆ, ಎಲ್ಲಾ ಕಲೆಯಾಗಿ ಉಳಿದಿರುತ್ತೆ. ಸೋಪು ಹಾಕಿ ಉಜ್ಜಿಬಿಟ್ಟರೆ ಗುರುತು ಹೋಗುತ್ತೆ, ತೊಂದರೆ ಒಳಗೇ ಉಳಿಯುತ್ತೆ.

ನಮ್ಮದು ಕಾರಿನ ಹಿಂದೆ ಎಳೆಯುವ ಎರಡು ಚಕ್ರದ ಸಣ್ಣ ಟ್ರೇಲರ್. ಮದ್ದೂರಿನ ಹತ್ತಿರ ಒಂದು ತೆಂಗಿನ ತೋಟದಲ್ಲಿ ಮೂರು ವರ್ಷ ನಿಂತಿತ್ತು. ಮೈಸೂರಿಗೆ ಎಳೆದು ತಂದಾಗ ಹೊರಗಿನಿಂದ ಬರೀ ಧೂಳು, ಒಳಗೆ ಸ್ವಲ್ಪ ಮುಗ್ಗಲು ವಾಸನೆ, ಅಷ್ಟೇ. ಹಾಸಿಗೆ ಎತ್ತಿ ನೋಡಿದೆ. ಹಿಂದಿನ ಮೂಲೆಯಲ್ಲಿ ಅಂಗೈಯಷ್ಟು ಅಗಲ ಕಂದು ಕಲೆ, ಅದರ ಅಂಚಿಗೆ ಕಾಫಿ ಲೋಟ ಇಟ್ಟ ಜಾಗದ ಥರ ಒಂದು ಗೆರೆ. ಹೆಬ್ಬೆರಳಿಂದ ಒತ್ತಿದರೆ ಪ್ಲೈವುಡ್ ಟೀಯಲ್ಲಿ ಅದ್ದಿದ ರಸ್ಕಿನ ಥರ ಒಳಗೆ ಹೋಯ್ತು. ಕಿಟಕಿಯಿಂದ ಬಂದಿರಬೇಕು ಅಂತ ನಾನು ಅಂದುಕೊಂಡಿದ್ದೆ. ನೋಡೋಕೆ ಬಂದ ಬಡಗಿ ಕಲೆಯ ಮೇಲೆ ಬೆರಳಾಡಿಸಿ, "ಇದು ಕಿಟಕಿ ನೀರಲ್ಲ ಕಣಣ್ಣ, ಮ್ಯಾಲಿಂದ ಇಳಿದೈತೆ" ಅಂದ. ಅವನ ಮಾತೇ ನಿಜ. ಚಾವಣಿಯ ಗಾಳಿಕಿಂಡಿ ಸುತ್ತ ನೀರು ತಡೆಯೋಕೆ ಬಳಿದಿದ್ದ ಸೀಲೆಂಟ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ತೊಳೆದು ಫಳಫಳ ಮಾಡಿದ್ದರೆ ಆ ಗೆರೆ ಕಾಣಿಸುತ್ತಲೇ ಇರಲಿಲ್ಲ.

ಹಾಗಾಗಿ ಮೊದಲ ದಿನ ನೀರು ಮುಟ್ಟಬೇಡಿ. ಒಂದು ಟಾರ್ಚು, ಒಂದು ಸೀಮೆಸುಣ್ಣ, ಫೋನು ಸಾಕು. ಬೀರು ತೆಗೆಯಿರಿ, ಸೀಟು ಎತ್ತಿ, ಸಿಂಕ್ ಕೆಳಗೆ ತಲೆ ಹಾಕಿ. ಎಲ್ಲಾ ಮೂಲೆಯನ್ನೂ ಒತ್ತಿ ನೋಡಿ. ಮೆತ್ತಗಿರುವ ಕಡೆ, ಕಲೆ ಇರುವ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೋ ತೆಗೆದಿಡಿ. ಪುಡಿ ಉದುರಿ ಮಣ್ಣಿನ ಗೆರೆ ಕಂಡರೆ ಗೆದ್ದಲು, ಅದಕ್ಕೆ ಮದ್ದು ಬೇರೆ. ಗ್ಯಾಸ್ ಹೊರಹೋಗೋಕೆ ನೆಲದಲ್ಲಿ ಬಿಟ್ಟಿರುವ ಕಿಂಡಿಗಳನ್ನು ಮರೀಬೇಡಿ, ಕಣಜ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತೆ. ಗೂಡು ಕೆರೆದು ತೆಗೆಯಿರಿ, ಕಿಂಡಿಯನ್ನು ಮಾತ್ರ ಯಾವತ್ತೂ ಮುಚ್ಚಬೇಡಿ.

ಕೆಲಸ ಶುರು ಮಾಡೋ ಮುಂಚೆ ಮನೆಯಿಂದ ಎಳೆದಿರುವ ಕರೆಂಟ್ ವೈರ್ ಕಿತ್ತುಬಿಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸಿಲಿಂಡರ್ ಆಫ್ ಮಾಡಿ.

ಇಲಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಫ್ರಿಜ್ ಹಿಂದೆ ಗೂಡೇ ಇತ್ತು. ತೆಂಗಿನ ನಾರು, ರಾಗಿ ಹುಲ್ಲು, ಪರದೆಯಿಂದ ಕಿತ್ತ ದಾರ, ಜೊತೆಗೆ ಕಡಿದ ವೈರಿನ ಕೆಂಪು ಚೂರು. ಇದನ್ನು ಪೊರಕೆ ತಗೊಂಡು ಗುಡಿಸೋದು ದೊಡ್ಡ ತಪ್ಪು. ಒಣ ಹಿಕ್ಕೆಯ ಧೂಳು ಎದ್ದರೆ ಸೀದಾ ಮೂಗಿಗೆ ಹೋಗುತ್ತೆ. ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಬಾಗಿಲು, ಕಿಟಕಿ ಎಲ್ಲಾ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ರಬ್ಬರ್ ಗ್ಲೌಸ್, ಒಳ್ಳೆ ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಚೆನ್ನಾಗಿ ನೆನೆಯುವ ಹಾಗೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಹಳೇ ಪೇಪರಿನಲ್ಲಿ ಎತ್ತಿ ಕವರಿಗೆ ಹಾಕಿ ಗಂಟು ಕಟ್ಟಿ. ಆಮೇಲೆ ಇಲಿ ಬಂದ ತೂತನ್ನು ಸ್ಟೀಲ್ ಜಾಲರಿಯಿಂದ ಮುಚ್ಚಿ. ಬಟ್ಟೆ ತುರುಕಿದರೆ ಅದನ್ನೂ ಕಡಿಯುತ್ತೆ. ಕಡಿದ ವೈರಿಗೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಪರದೆ, ದಿಂಬು, ಸೀಟಿನ ಕವರ್ ಎಲ್ಲಾ ಹೊರಗೆ ತನ್ನಿ. ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕಿ ಇದ್ದರೆ ತಿಗಣೆ ಇರಬಹುದು. ಫೋಮ್ ಒಳಗೆ ತೇವ ಹಿಡಿದಿದ್ದರೆ ಅದನ್ನು ಉಳಿಸೋಕೆ ಒದ್ದಾಡಬೇಡಿ, ಹೊಸದು ಹಾಕಿಸಿ.

ತೊಳೆಯೋದು ಯಾವಾಗಲೂ ಮೇಲಿಂದ ಕೆಳಕ್ಕೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ ಅಂತಾರಲ್ವಾ, ಅದು ಕಳೆದ ಮೇಲಿನ ಎರಡು ಮೂರು ವಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಬಿಸಿಲು ಚೆನ್ನಾಗಿರುತ್ತೆ, ಯುಗಾದಿ ಆಸುಪಾಸಿನ ಸಂಜೆ ಮಳೆ ಇನ್ನೂ ಶುರುವಾಗಿರಲ್ಲ. ಚಾವಣಿ ಮೇಲೆ ನಿಲ್ಲಬೇಡಿ, ಏಣಿ ಇಟ್ಟುಕೊಂಡು ಉದ್ದ ಕೋಲಿನ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ವಾಟರ್ ಸರ್ವೀಸಿಗೆ ಬಿಟ್ಟು ಜೋರು ಪ್ರೆಶರಿನಲ್ಲಿ ಹೊಡೆಸೋದು ಬೇಡವೇ ಬೇಡ. ಕಾರಿನ ತಗಡು ಅದನ್ನು ತಡೆಯುತ್ತೆ, ಕ್ಯಾರವಾನಿನ ಜೋಡಣೆಗಳು ತಡೆಯಲ್ಲ, ನೀರು ಗೋಡೆಯೊಳಗೇ ನುಗ್ಗುತ್ತೆ. ಬೋರ್‌ವೆಲ್ ನೀರಾದರೆ ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತೆ. ಕ್ಯಾರವಾನ್ ಕಿಟಕಿ ಸುಮಾರು ಸಲ ಗಾಜಲ್ಲ, ಅಕ್ರಿಲಿಕ್. ಥಿನ್ನರ್, ಗಾಜು ಒರೆಸುವ ಸ್ಪ್ರೇ ಎರಡೂ ತಾಗಿಸಬೇಡಿ, ಸಣ್ಣ ಸಣ್ಣ ಬಿರುಕು ಏಳುತ್ತೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಒಳಗೆ ಬಕೆಟ್ ನೀರು ಸುರಿಯುವ ಮಾತೇ ಇಲ್ಲ. ವ್ಯಾಕ್ಯೂಮ್ ಹಿಡಿದು, ಬಟ್ಟೆ ಬಿಗಿಯಾಗಿ ಹಿಂಡಿ ಒರೆಸಿ. ಬೂಷ್ಟು ಹಿಡಿದ ಕಡೆ ವಿನೆಗರ್ ಹಚ್ಚಿ ಒಂದು ಗಂಟೆ ಬಿಟ್ಟು ಉಜ್ಜಿ. ಟಾಯ್ಲೆಟ್ಟಿನ ಹಳದಿ ಕಲೆಗೆ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಬಿಡಿ, ಆಸಿಡ್ ಹಾಕಿದರೆ ರಬ್ಬರ್ ಸೀಲ್ ಹಾಳಾಗುತ್ತೆ. ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ಬ್ಲೀಚ್ ಜೊತೆ ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ, ಆಸಿಡ್ ಆಗಲಿ ಸೇರಲೇಬಾರದು. ಕ್ಲೋರಿನ್ ಗ್ಯಾಸ್ ಏಳುತ್ತೆ, ಅಷ್ಟು ಸಣ್ಣ ಜಾಗದಲ್ಲಿ ಉಸಿರು ಕಟ್ಟುತ್ತೆ. ಒಂದು ದಿನ ಒಂದೇ ಬಳಸಿ, ನಡುವೆ ಚೆನ್ನಾಗಿ ನೀರಿನಲ್ಲಿ ಒರೆಸಿ. ಟಾಯ್ಲೆಟ್ ಟ್ಯಾಂಕಿನದ್ದನ್ನು ಮನೆಯ ಕಮೋಡಿಗೇ ಸುರಿಯಿರಿ. ರಸ್ತೆ ಬದಿಯ ಚರಂಡಿಗೆ, ನಾಲೆಗೆ ಬಿಡಬೇಡಿ. ಮಂಡ್ಯದ ಕಡೆ ಅದೇ ನಾಲೆಯಲ್ಲಿ ಜನ ಬಟ್ಟೆ ಒಗೆಯುತ್ತಾರೆ, ದನಕ್ಕೆ ನೀರು ಕುಡಿಸುತ್ತಾರೆ.

ಈಗ ಕುಡಿಯುವ ನೀರಿನ ಟ್ಯಾಂಕ್. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು, ಯಾಕಂದ್ರೆ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣಲ್ಲ. ಹಳೇ ನೀರೆಲ್ಲಾ ಖಾಲಿ ಮಾಡಿ. ಫಿಲ್ಟರ್ ಇದ್ದರೆ ತೆಗೆದಿಡಿ. ಗೀಸರ್ ಆಫ್ ಮಾಡಿ, ನೀರು ಅದರೊಳಗೆ ಹೋಗದ ಹಾಗೆ ಬೈಪಾಸ್ ವಾಲ್ವ್ ತಿರುಗಿಸಿ. ನಲ್ಲಿಯ ಕಾವೇರಿ ನೀರು ತುಂಬಿಸಿ, ಬಣ್ಣ, ವಾಸನೆ ಸೇರಿಸದ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ಮೊದಲೇ ಒಂದು ಬಕೆಟ್ ನೀರಿಗೆ ಬೆರೆಸಿ ಸುರಿಯಿರಿ. 60 ಲೀಟರ್ ಟ್ಯಾಂಕಿಗೆ 60 ಮಿ.ಲೀ. ಮನೆಯ ನೀರಿನ ಸಂಪ್‌ಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ ಅಂತ ಅದನ್ನೇ ಹಾಕಬೇಡಿ, ಅದರ ಸುಣ್ಣ ತಳದಲ್ಲಿ ಕೂತು ಪಂಪಿನ ಜಾಲರಿ ಕಟ್ಟಿಕೊಳ್ಳುತ್ತೆ. ಬಿಚ್ಚಿದ ಬ್ಯಾಟರಿ ತಂತಿಯನ್ನು ಮತ್ತೆ ಹಾಕಿ ಪಂಪ್ ಓಡಿಸಿ. ಒಂದೊಂದೇ ನಲ್ಲಿ ತಿರುಗಿಸಿ, ಕ್ಲೋರಿನ್ ವಾಸನೆ ಬರುವ ತನಕ ಬಿಡಿ, ಶವರ್ ಮರೀಬೇಡಿ. ಹನ್ನೆರಡು ಗಂಟೆ ಹಾಗೇ ಇರಲಿ. ನಮಗೆ ಬೆಳಿಗ್ಗೆ ಸಿಂಕಿನ ನಲ್ಲಿಯಿಂದ ಬಂದ ಮೊದಲ ಲೋಟ ನೀರಿನಲ್ಲಿ ಹಸಿರು ಪಾಚಿಯ ತೆಳು ಪೊರೆ ತೇಲುತ್ತಿತ್ತು. ಮಗಳು ಆ ಲೋಟವನ್ನು ಬೆಳಕಿಗೆ ಹಿಡಿದು, "ಅಪ್ಪಾ, ಇದನ್ನ ಕುಡೀತಿದ್ವಾ?" ಅಂದಳು. ಖಾಲಿ ಮಾಡಿ ಮತ್ತೆ ತುಂಬಿಸಿದೆವು, ವಾಸನೆ ಪೂರ್ತಿ ಹೋಗೋಕೆ ಮೂರು ಸಲ ಬೇಕಾಯ್ತು. ಆ ನೀರನ್ನು ಗಿಡಕ್ಕೆ ಹಾಕಬೇಡಿ.

ಕೊನೆಗೆ ಗ್ಯಾಸ್. ರಬ್ಬರ್ ಟ್ಯೂಬ್ ಮೇಲೆ ಅಚ್ಚಾದ ತಾರೀಖು ನೋಡಿ, ಐದು ವರ್ಷ ದಾಟಿದ್ದರೆ ಐಎಸ್ಐ ಗುರುತಿನ ಹೊಸ ಟ್ಯೂಬ್ ಹಾಕಿ. ಸಿಲಿಂಡರ್ ತೆರೆದು, ಒಲೆ ಹಚ್ಚದೆ, ಎಲ್ಲಾ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ನಿಲ್ಲುತ್ತೆ. ಆ ಕಿಂಡಿ ಮುಚ್ಚಬೇಡಿ ಅಂದಿದ್ದು ಅದಕ್ಕೇ.

ಇಷ್ಟಾದ ಮೇಲೆ ಎರಡು ದಿನ ಬಾಗಿಲು, ಬೀರು ಎಲ್ಲಾ ತೆಗೆದಿಟ್ಟು ಒಣಗಿಸಿ, ಒಂದು ಬುಟ್ಟಿ ಇದ್ದಿಲು ಒಳಗಿಟ್ಟರೆ ಉಳಿದ ಮುಗ್ಗಲು ವಾಸನೆ ಎಳೆದುಕೊಳ್ಳುತ್ತೆ. ದೂರ ಹೋಗೋ ಮುಂಚೆ ಮನೆ ಮುಂದೆಯೇ ಒಂದು ರಾತ್ರಿ ಮಲಗಿ. ಮೊದಲ ಮಳೆ ಬಿದ್ದ ಸಂಜೆ ಟಾರ್ಚ್ ಹಿಡಿದು ಹೋಗಿ, ಸೀಮೆಸುಣ್ಣದ ಸುತ್ತು ಹಾಕಿದ್ದ ಮೂಲೆಗಳನ್ನೆಲ್ಲಾ ಇನ್ನೊಮ್ಮೆ ಒತ್ತಿ ನೋಡಿ.