ಬಾಡಿಗೆ ಮನೆ ಬದಲಿಸುವಾಗ ವೋಟನ್ನೂ ಜೊತೆಗೆ ತರುವುದು ಹೇಗೆ

ಒಂಬತ್ತು ವರ್ಷದಲ್ಲಿ ನಾವು ಐದು ಬಾಡಿಗೆ ಮನೆ ನೋಡಿದ್ದೇವೆ. ಮೊದಲು ಕುಂಬಳೆ, ಆಮೇಲೆ ಉಪ್ಪಳ, ಈಗ ಹೊಸಂಗಡಿ, ಎಲ್ಲ ಕೇರಳದ ಕಾಸರಗೋಡು ಜಿಲ್ಲೆಯಲ್ಲೇ. ಪ್ರತಿ ಸಲ ಗ್ಯಾಸ್ ಸಿಲಿಂಡರ್, ಗ್ರೈಂಡರ್, ಮಕ್ಕಳ ಟಿಸಿ ಎಲ್ಲ ನೆನಪಿಟ್ಟು ಸಾಗಿಸಿದೆವು, ವೋಟು ಮಾತ್ರ ಕುಂಬಳೆಯ ಮೊದಲ ಕ್ವಾರ್ಟರ್ಸಿನಲ್ಲೇ (ಸಾಲು ಬಾಡಿಗೆ ಮನೆಗೆ ನಮ್ಮ ಕಡೆ ಹೀಗೆ ಹೇಳುವುದು) ಉಳಿದಿತ್ತು. 2021ರ ವಿಧಾನಸಭೆ ಚುನಾವಣೆಯ ದಿನ ನಾನೂ ಹೆಂಡತಿಯೂ ಬಸ್ಸು ಹತ್ತಿ ಅಲ್ಲಿಗೇ ಹೋದೆವು. ಬೂತಿನ ಹೊರಗೆ ಮೇಜು ಹಾಕಿ ಕೂತಿದ್ದ ಹುಡುಗ ಪಟ್ಟಿ ತಿರುವಿ ಒಂದು ಚೌಕದ ಮೇಲೆ ಬೆರಳಿಟ್ಟ. ನನ್ನದೇ ಹೆಸರು, ನನ್ನದೇ ವಯಸ್ಸು, ಅದರ ಮೇಲೆ ಓರೆಯಾಗಿ ‘ಡಿಲೀಟೆಡ್’ ಎಂದು ಅಚ್ಚಾಗಿತ್ತು. ಕಿಸೆಯಲ್ಲಿ ವೋಟರ್ ಐಡಿ ಇತ್ತು. ಕಾರ್ಡ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟು ಹಾಕಲು ಆಗುವುದಿಲ್ಲ ಎಂದು ನನಗೆ ಗೊತ್ತಾದದ್ದೇ ಅವತ್ತು. ಆ ಸಲ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಗೆಲುವಿನ ಅಂತರ 745 ವೋಟು. ಅದಕ್ಕೂ ಮೊದಲು 2016ರಲ್ಲಿ ಬರೀ 89. ಇಂಥ ಕ್ಷೇತ್ರದಲ್ಲಿ ನಾಲ್ಕಾರು ಕ್ವಾರ್ಟರ್ಸಿನ ವೋಟು ಎಂದರೆ ಎಷ್ಟು ದೊಡ್ಡದು ಎಂದು ನೀವೇ ಲೆಕ್ಕ ಹಾಕಿ.

ನಮ್ಮ ಕಡೆ ಸ್ವಂತ ಮನೆ ಎಂಬುದು ಕೈಗೆ ಎಟುಕುತ್ತಿಲ್ಲ. ರಸ್ತೆ ಬದಿ ಐದು ಸೆಂಟ್ಸ್ ಜಾಗ ಕೇಳಿದರೆ ಹೇಳುವ ರೇಟಿಗೆ ಸುಮ್ನೆ ಎದ್ದು ಬರಬೇಕು. ಕೆಂಪುಕಲ್ಲು, ಹೊಯ್ಗೆ, ಮೇಸ್ತ್ರಿ ಕೂಲಿ ಎಲ್ಲ ಅದರ ಮೇಲೆ. ಕೇರಳ ಸರ್ಕಾರದ ಲೈಫ್ ವಸತಿ ಯೋಜನೆಯಲ್ಲಿ ಮನೆ ಕಟ್ಟಲು 4 ಲಕ್ಷ ರೂಪಾಯಿ ಕೊಡುತ್ತಾರೆ, ಒಳ್ಳೆಯದೇ, ಆದರೆ ಪಟ್ಟಿಯಲ್ಲಿ ಹೆಸರು ಬಂದು ಸರದಿ ಸಿಗುವವರೆಗೆ ಕ್ವಾರ್ಟರ್ಸೇ ಗತಿ. ಹನ್ನೊಂದು ತಿಂಗಳಾದ ಕೂಡಲೇ ಓನರ್ ಬಾಡಿಗೆ ಏರಿಸುತ್ತಾರೆ, ನಾವು ಗಂಟುಮೂಟೆ ಕಟ್ಟುತ್ತೇವೆ. ಮನೆಯಂತೂ ಕಟ್ಟಲು ಆಗಲಿಲ್ಲ, ಅದರ ಜೊತೆ ವೋಟೂ ಹೋಗಬೇಕಾ ಎಂಬ ಸಿಟ್ಟು ನನಗೆ ಈಗಲೂ ಇದೆ. ಆ ಸಿಟ್ಟಿನಲ್ಲೇ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಎಂದು ಮಾತ್ರ. ಅದರ 20ನೇ ಕಲಮಿನಲ್ಲಿ, ಒಂದು ಊರಿನಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆ ಊರಿನ ವಾಸಿ ಎಂದು ಎಣಿಸಬಾರದು ಎಂದೇ ಇದೆ. ಮನೆ ಯಾರದ್ದಾದರೂ ಇರಲಿ, ಅಲ್ಲಿ ಉಂಡು ಮಲಗುವವರು ನೀವಾದರೆ ವೋಟು ನಿಮಗೆ ಅಲ್ಲೇ. ಮನೆಯೇ ಇಲ್ಲದೆ ಅಂಗಡಿ ಜಗಲಿಯಲ್ಲಿ ಮಲಗುವವರಿಗೂ ದಾರಿ ಇದೆ: ಬಿಎಲ್‌ಒ (ಬೂತ್ ಮಟ್ಟದ ಚುನಾವಣಾ ಅಧಿಕಾರಿ) ರಾತ್ರಿ ಹೊತ್ತು, ಒಂದಕ್ಕಿಂತ ಜಾಸ್ತಿ ಸಲ ಬಂದು ಅವರು ಅಲ್ಲೇ ಮಲಗುತ್ತಾರೆ ಎಂದು ನೋಡಿ ಬರೆದರೆ ಸಾಕು, ವಿಳಾಸಕ್ಕೆ ಬೇರೆ ದಾಖಲೆ ಬೇಡ.

ಇನ್ನು ಫಾರ್ಮ್. ಹೆಸರು ಈಗಾಗಲೇ ಯಾವುದಾದರೂ ಪಟ್ಟಿಯಲ್ಲಿದ್ದು ಮನೆ ಮಾತ್ರ ಬದಲಾಗಿದ್ದರೆ ಫಾರ್ಮ್ 8. ಒಂದೇ ಕ್ಷೇತ್ರದ ಒಳಗೆ ಬದಲಾದರೂ ಅದೇ, ಬಂಟ್ವಾಳದಿಂದ ಮದುವೆಯಾಗಿ ಪೈವಳಿಕೆಗೆ ಬಂದ ಸೊಸೆಗೂ ಅದೇ. ಹೆಸರು, ವಯಸ್ಸು ತಿದ್ದುವುದಕ್ಕೂ, ಕಳೆದುಹೋದ ಕಾರ್ಡಿಗೂ 2022ರಿಂದ ಇದೊಂದೇ ಫಾರ್ಮ್. ಮೊದಲ ಸಲ ಸೇರುವವರಿಗೆ ಮತ್ತು ನನ್ನ ಹಾಗೆ ಹೆಸರು ಅಳಿಸಿ ಹೋದವರಿಗೆ ಫಾರ್ಮ್ 6. ಪಟ್ಟಿಯಲ್ಲಿ ಹೆಸರಿದ್ದೂ ಫಾರ್ಮ್ 6 ಹಾಕಬೇಡಿ. ಎರಡು ಕಡೆ ಹೆಸರು ಬಂದು ಆಮೇಲೆ ಎರಡೂ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ಮಕ್ಕಳಿಗೆ 17 ತುಂಬಿದ್ದರೆ ಈಗಲೇ ಅರ್ಜಿ ಹಾಕಿಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು ಎಂದು ವರ್ಷಕ್ಕೆ ನಾಲ್ಕು ಗಡುವು ಇದೆ, 18 ತುಂಬಿದ ಮೇಲೆ ಮೊದಲು ಬರುವ ತಾರೀಕಿಗೆ ಹೆಸರು ಸೇರುತ್ತದೆ. ಅರ್ಜಿಯನ್ನು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು, ಇಲ್ಲವೇ ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಸಂಶಯ ಇದ್ದರೆ 1950ಕ್ಕೆ ಫೋನ್ ಮಾಡಿ.

ಬಾಡಿಗೆಯವರು ಎಡವುವುದು ವಿಳಾಸದ ದಾಖಲೆಯಲ್ಲಿ. ಫಾರ್ಮಿನಲ್ಲಿ ಕೇಳುವುದು ಇವುಗಳಲ್ಲಿ ಯಾವುದಾದರೂ ಒಂದು: ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಪೋಸ್ಟ್ ಆಫೀಸಿನ ಪಾಸ್‌ಬುಕ್, ಪಾಸ್‌ಪೋರ್ಟ್, ಜಾಗದ ದಾಖಲೆ, ರಿಜಿಸ್ಟರ್ ಆದ ಬಾಡಿಗೆ ಕರಾರು, ಮನೆಯ ಕ್ರಯಪತ್ರ. ಈಗ ನಮ್ಮ ಕ್ವಾರ್ಟರ್ಸಿನಲ್ಲಿ ನಿಂತು ನೋಡಿ. ಕೆಎಸ್‌ಇಬಿಯ ಕರೆಂಟ್ ಬಿಲ್ಲು ಓನರ್ ಹೆಸರಿನಲ್ಲಿ, ಅದೂ ನಾಲ್ಕು ಮನೆಗೆ ಸೇರಿ ಒಂದೇ ಮೀಟರ್. ನೀರು ಬಾವಿಯದ್ದು, ಬಿಲ್ಲೇ ಇಲ್ಲ. ಆಧಾರಿನಲ್ಲಿ ತವರುಮನೆಯ ವಿಳಾಸ. ಕರಾರು ಇದೆ, ಆದರೆ ಹನ್ನೊಂದು ತಿಂಗಳದ್ದು. ಒಂದು ವರ್ಷಕ್ಕಿಂತ ಜಾಸ್ತಿಯದ್ದಾದರೆ ರಿಜಿಸ್ಟರ್ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದಲೇ ಎಲ್ಲರೂ ಹನ್ನೊಂದು ತಿಂಗಳಿಗೆ ಸ್ಟಾಂಪ್ ಪೇಪರಿನಲ್ಲಿ ಬರೆಸುತ್ತಾರೆ. ಆ ಕಾಗದ ತೋರಿಸಿದರೆ ‘ಇದು ರಿಜಿಸ್ಟರ್ ಆಗಿಲ್ಲ’ ಎಂಬ ಉತ್ತರ ಬರುತ್ತದೆ.

ನನ್ನ ಕೈ ಹಿಡಿದದ್ದು ಪಾಸ್‌ಬುಕ್. ಬ್ಯಾಂಕಿಗೆ ಹೋಗಿ ಈಗಿನ ವಿಳಾಸ ಬರೆದುಕೊಟ್ಟೆ, ಮುಂದಿನ ವಾರ ಮೊದಲ ಪುಟದಲ್ಲಿ ಹೊಸ ವಿಳಾಸ ಅಚ್ಚು ಹಾಕಿಸಿದ ಪಾಸ್‌ಬುಕ್ ಸಿಕ್ಕಿತು. ಹೆಂಡತಿಯ ಹೆಸರಿನಲ್ಲಿ ಆ ವಿಳಾಸಕ್ಕೆ ಒಂದು ಕಾಗದವೂ ಇರಲಿಲ್ಲ. ಗಂಡ, ಹೆಂಡತಿ, ತಂದೆ, ತಾಯಿ, ಪ್ರಾಯಕ್ಕೆ ಬಂದ ಮಕ್ಕಳು, ಇವರಲ್ಲಿ ಒಬ್ಬರು ಅದೇ ವಿಳಾಸದಲ್ಲಿ ಮತದಾರರಾಗಿದ್ದರೆ ಅವರ ದಾಖಲೆಯೇ ಉಳಿದವರಿಗೂ ಸಾಕು. ಹಾಗಾಗಿ ಮನೆಯಲ್ಲಿ ಒಬ್ಬರದ್ದು ಮೊದಲು ಸರಿಮಾಡಿ, ಉಳಿದವರದ್ದು ಅದರ ಬೆನ್ನಿಗೆ ಹಾಕಿ. ಏನೂ ಇಲ್ಲದಿದ್ದರೆ? ಯಾವ ದಾಖಲೆಯೂ ಇಲ್ಲದಿದ್ದರೆ ಸ್ಥಳಕ್ಕೆ ಬಂದು ನೋಡಲೇಬೇಕು ಎಂದು ಅದೇ ಫಾರ್ಮಿನಲ್ಲಿ ಬರೆದಿದೆ. ದಾಖಲೆ ಇಲ್ಲ, ಹೋಗಿ ಎಂದು ಯಾರಾದರೂ ವಾಪಸ್ ಕಳಿಸಿದರೆ ಆ ಸಾಲು ತೋರಿಸಿ ಕೇಳಿ.

ಓನರ್ ಹತ್ತಿರ ಮಾತಾಡುವುದೂ ಒಂದು ಕೆಲಸವೇ. ಬಾಡಿಗೆಯವರ ಹೆಸರು ಆ ಮನೆ ನಂಬರಿನಲ್ಲಿ ವೋಟರ್ ಲಿಸ್ಟಿಗೆ ಬಂದರೆ ಮನೆ ಕೈ ತಪ್ಪುತ್ತದೆ ಎಂಬ ಹೆದರಿಕೆ ಹಳಬರಲ್ಲಿ ಇದೆ. ಅದಕ್ಕೆ ಕಾರಣವೂ ಇದೆ. 1970ರ ಜನವರಿ ಒಂದರಿಂದ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿ ಜಾಗವೂ ಗುಡಿಸಲು ಕಟ್ಟಿ ಕೂತವರ ಜಾಗವೂ ಹೋದದ್ದನ್ನು ಅವರ ಮನೆಯವರು ಕಣ್ಣಾರೆ ಕಂಡಿದ್ದಾರೆ. ನಮ್ಮ ಓನರ್ ಮೊದಲು ಬೇಡವೇ ಬೇಡ ಅಂದರು. ‘ಇಚ್ಚಾ, ಅದು ಗೇಣಿ ಜಾಗದ ಕಾನೂನು, ಇದು ಬಾಡಿಗೆ ಮನೆ, ವೋಟರ್ ಲಿಸ್ಟಿನಿಂದ ಯಾರಿಗೂ ಹಕ್ಕುಪತ್ರ ಸಿಗುವುದಿಲ್ಲ’ ಎಂದು ಎರಡು ಸಲ ಚಹಾ ಕುಡಿಯುತ್ತಾ ಹೇಳಿದ ಮೇಲೆ ಮನೆ ನಂಬರ್ ಬರೆದುಕೊಟ್ಟರು. ಜಗಳಕ್ಕೆ ಹೋಗಬೇಡಿ, ಕಾಗದಕ್ಕೆ ಅವರ ಸಹಿ ಮುಂದೆಯೂ ಬೇಕಾಗುತ್ತದೆ. ಹಾಗೆಂದು ಹೆದರುವುದೂ ಬೇಡ. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ಇರುವ ಊರುಗಳಲ್ಲಿ ಕೋರ್ಟಿನ ಆದೇಶ ಇಲ್ಲದೆ ನಿಮ್ಮನ್ನು ಎಬ್ಬಿಸಲು ಆಗುವುದಿಲ್ಲ, ಕೊಟ್ಟ ಬಾಡಿಗೆಗೂ ಅಡ್ವಾನ್ಸಿಗೂ ರಶೀದಿ ಕೇಳುವ ಹಕ್ಕೂ ನಿಮಗಿದೆ. ಆ ರಶೀದಿಗಳನ್ನು ಜೋಪಾನವಾಗಿಡಿ.

ಅರ್ಜಿ ಹಾಕಿದ ಮೇಲೆ ಬಿಎಲ್‌ಒ ಮನೆಗೆ ಬರುತ್ತಾರೆ. ಹೆಚ್ಚಾಗಿ ಅಂಗನವಾಡಿ ಟೀಚರೋ ಸರ್ಕಾರಿ ನೌಕರರೋ ಇರುತ್ತಾರೆ, ಅವರಿಗೂ ತಮ್ಮ ಕೆಲಸ ಮುಗಿಸಿಯೇ ತಿರುಗಬೇಕು. ನಾವು ಹಗಲು ಹೊತ್ತು ಕೆಲಸಕ್ಕೆ ಹೋದಾಗ ಬಂದು ಬೀಗ ನೋಡಿ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಅರ್ಜಿ ಹಾಕಿದ ದಿನವೇ ನಿಮ್ಮ ಬೂತಿನ ಬಿಎಲ್‌ಒ ನಂಬರ್ ವೆಬ್‌ಸೈಟಿನಲ್ಲಿ ಹುಡುಕಿ ಫೋನ್ ಮಾಡಿ. ‘ಟೀಚರೇ, ನಾವು ಸಂಜೆ ಆರರ ಮೇಲೆ ಇರುತ್ತೇವೆ’ ಎಂದು ಒಂದು ಮಾತು ಹೇಳಿ. ಪಕ್ಕದ ಮನೆಯವರಿಗೂ ಹೇಳಿಡಿ. ನಮ್ಮದು ಉಳಿದದ್ದು ಹಾಗೇ: ನಾವಿಲ್ಲದಾಗ ಬಂದವರಿಗೆ ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ ‘ಇಲ್ಲೇ ಇದ್ದಾರೆ, ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ’ ಎಂದು ಹೇಳಿ ನನ್ನ ನಂಬರ್ ಕೊಟ್ಟಿದ್ದರು.

ಹೆಸರಿನ ಅಕ್ಷರ ನೋಡಿಕೊಳ್ಳಿ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ವಾಪಸ್ ಬರುವಾಗ ಐತಪ್ಪ ಬೇರೆ ಯಾರೋ ಆಗಿರುತ್ತಾರೆ. ಆಧಾರಿನಲ್ಲಿ ಇರುವ ಸ್ಪೆಲ್ಲಿಂಗನ್ನೇ ಫಾರ್ಮಿನಲ್ಲೂ ಬರೆಯಿರಿ, ಅಕ್ಷಯದಲ್ಲಿ ಟೈಪ್ ಮಾಡುವಾಗ ಸ್ಕ್ರೀನ್ ತಿರುಗಿಸಿ ತೋರಿಸಲು ಹೇಳಿ. ಸರ್ಕಾರಿ ಆಫೀಸಿಗೆ ಕಾಗದ ಬರೆಯಬೇಕಾದರೆ ಕನ್ನಡದಲ್ಲೇ ಬರೆಯಬಹುದು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ.

ಪಂಚಾಯತ್ ಚುನಾವಣೆಯಲ್ಲಿ ವೋಟು ಹಾಕಿದ್ದೇನೆ, ಇದರಲ್ಲೂ ಇರುತ್ತದೆ ಎಂದು ಸುಮ್ಮನೆ ಕೂರಬೇಡಿ. ಪಂಚಾಯತ್ ಮತ್ತು ಮುನಿಸಿಪಾಲಿಟಿಯ ಪಟ್ಟಿ ರಾಜ್ಯ ಚುನಾವಣಾ ಆಯೋಗದ್ದು, ವಿಧಾನಸಭೆ ಮತ್ತು ಲೋಕಸಭೆಯದ್ದು ಕೇಂದ್ರ ಚುನಾವಣಾ ಆಯೋಗದ್ದು. ಎರಡೂ ಬೇರೆ ಬೇರೆ, ಎರಡಕ್ಕೂ ಬೇರೆಯಾಗಿಯೇ ಅರ್ಜಿ ಹಾಕಬೇಕು.

ಬೂತಿಗೆ ಹೋಗುವಾಗ ವೋಟರ್ ಐಡಿ ಸಿಗದಿದ್ದರೆ ಹೆದರಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾನ್, ಪಾಸ್‌ಪೋರ್ಟ್, ಫೋಟೋ ಇರುವ ಪಾಸ್‌ಬುಕ್, ತೊಳಿಲುರಪ್ಪು (ಉದ್ಯೋಗ ಖಾತ್ರಿ) ಕಾರ್ಡ್ ಇವುಗಳಲ್ಲಿ ಒಂದು ವಿಧಾನಸಭೆ, ಲೋಕಸಭೆ ಚುನಾವಣೆಗೆ ನಡೆಯುತ್ತದೆ. ಮನೆಗೆ ತಂದುಕೊಡುವ ಸ್ಲಿಪ್ ಒಂದೇ ಹಿಡಿದು ಹೋದರೆ 2019ರಿಂದ ಒಪ್ಪುವುದಿಲ್ಲ.

2025ರ ನವೆಂಬರ್ 4ರಿಂದ ಕೇರಳದಲ್ಲಿ ನಡೆದ ಎಸ್‌ಐಆರ್ ಎಂಬ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ, ತಮ್ಮದೋ ತಂದೆ ತಾಯಿಯದ್ದೋ ಹೆಸರು ಇತ್ತೇ ಎಂದು ಎಲ್ಲರೂ 2002ರ ಪಟ್ಟಿ ಹುಡುಕಬೇಕಾಯಿತು. ಮನೆ ಬದಲಿಸಿದವರಿಗೇ ಅದು ಜಾಸ್ತಿ ಕಷ್ಟ. ಹಳೆಯ ಪಟ್ಟಿ ಹುಡುಕುವವರು ನೆನಪಿಡಿ, ಈಗಿನ ಕಾಞಂಗಾಡ್ ಕ್ಷೇತ್ರಕ್ಕೆ ಆಗ ಹೊಸದುರ್ಗ ಎಂದು ಹೆಸರಿತ್ತು. ನಿಮ್ಮ ತಂದೆ ತಾಯಿಯ ಹೆಸರಿನ ಪುಟ ಸಿಕ್ಕಿದರೆ ಫೋಟೋ ತೆಗೆದು ಇಟ್ಟುಕೊಳ್ಳಿ.

ಹೆಸರು ತೆಗೆಯುತ್ತೇವೆ ಎಂದು ನೋಟಿಸ್ ಬಂದರೆ ಅದನ್ನು ಬಿಟ್ಟು ಕೂರಬೇಡಿ, ವಿಚಾರಣೆಗೆ ಹೋಗಿ ಇದ್ದ ಕಾಗದ ತೋರಿಸಿ. ಅರ್ಜಿ ತಿರಸ್ಕಾರವಾದರೆ 15 ದಿನದ ಒಳಗೆ ಜಿಲ್ಲಾಧಿಕಾರಿಗೆ ಅಪೀಲು ಹಾಕಬಹುದು, ಅಲ್ಲಿಯೂ ಆಗದಿದ್ದರೆ 30 ದಿನದ ಒಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಇನ್ನೊಂದು ಮಾತು, ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ. ಗಡಿಯ ತಲಪಾಡಿ ದಾಟಿ ದಿನಾ ಹೋಗಿ ಬರುವವರ ವೋಟು ಇಲ್ಲೇ. ಅಲ್ಲೇ ರೂಮು ಮಾಡಿ ನೆಲೆಸಿದವರ ವೋಟು ಅಲ್ಲಿ. ಎರಡೂ ಕಡೆ ಇಟ್ಟುಕೊಳ್ಳುವುದು ತಪ್ಪು, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಇದೆ. ಒಂದನ್ನು ಆರಿಸಿ, ಫಾರ್ಮ್ 8 ಹಾಕಿ.

ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ, ಪರಿಶೀಲನೆಗೂ ದಿನ ಬೇಕಾಗುವುದರಿಂದ ಅರ್ಜಿ ಅದಕ್ಕೂ ಮೊದಲೇ ಹೋಗಿರಬೇಕು. ಹೊಸ ಮನೆಯ ಕೀಲಿ ಕೈಗೆ ಬಂದ ವಾರವೇ ಹಾಕಿ, ರೆಫರೆನ್ಸ್ ನಂಬರ್ ಬರೆದಿಡಿ, ಒಂದು ತಿಂಗಳು ಬಿಟ್ಟು ಪಟ್ಟಿಯಲ್ಲಿ ಹೆಸರು ಹುಡುಕಿ. ಬಂದಿದ್ದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ನಮ್ಮದು ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೇ ಇದೆ.