ಪರೀಕ್ಷೆ, ಸಂದರ್ಶನ, ವೇದಿಕೆಯ ಮುನ್ನ ಮೂಡುವ ಅಳುಕನ್ನು ದುಡಿಸಿಕೊಳ್ಳುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಡುವಾಗಲೂ, ಪದವಿ ಮುಗಿಸಿದವರು ಸರಕಾರಿ ನೌಕರಿಗಾಗಿ ಕೇರಳ ಪಿಎಸ್‌ಸಿ ಪರೀಕ್ಷೆ ಬರೆಯುವಾಗಲೂ, ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆಂದು ಮಕ್ಕಳು ಬಣ್ಣ ಹಚ್ಚಿಕೊಂಡು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕುಳಿತಿರುವಾಗಲೂ ಹಿರಿಯರು ಹೇಳುವ ಮಾತು ಒಂದೇ: ಹೆದರಬೇಡ, ಸಮಾಧಾನದಿಂದಿರು. ಪ್ರೀತಿಯಿಂದ ಹೇಳಿದ ಈ ಮಾತು ಹೆಚ್ಚಿನ ಸಂದರ್ಭಗಳಲ್ಲಿ ಫಲಿಸುವುದಿಲ್ಲ. ಹೊಡೆದುಕೊಳ್ಳುತ್ತಿರುವ ಎದೆ ಅಪ್ಪಣೆಗೆ ತಗ್ಗುವುದಿಲ್ಲವಾದ್ದರಿಂದ, ಇದ್ದ ಅಳುಕಿನ ಜೊತೆಗೆ ಅದು ಹೋಗಲಿಲ್ಲವಲ್ಲ ಎಂಬ ಇನ್ನೊಂದು ಚಿಂತೆಯೂ ಸೇರಿಕೊಳ್ಳುತ್ತದೆ. ಅದನ್ನು ಓಡಿಸಲು ಹೆಣಗುವುದಕ್ಕಿಂತ ಅದಕ್ಕೊಂದು ಕೆಲಸ ಹಚ್ಚುವುದೇ ಲೇಸು.

ಅಳುಕು ಮೂಡಿದಾಗ ದೇಹ ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತಿರುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸ್ರವಿಸಿದಾಗ ಹೃದಯದ ಬಡಿತ ಏರುತ್ತದೆ, ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತದೆ, ಜೀರ್ಣಾಂಗಗಳ ಕಡೆಗಿದ್ದ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆ ಕಲಸಿದಂತಾಗುವುದೂ ಅಂಗೈ ಬೆವರುವುದೂ ಈ ಸಿದ್ಧತೆಯ ಲಕ್ಷಣಗಳೇ ಹೊರತು ಅಸಾಮರ್ಥ್ಯದ ಗುರುತುಗಳಲ್ಲ.

ಅಳುಕಿನ ನಿಜವಾದ ಪ್ರಯೋಜನವಿರುವುದು ಪರೀಕ್ಷೆಯ ದಿನಕ್ಕಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ವಾರಗಳಲ್ಲಿ. ‘ನನಗೆ ಭಯ’ ಎಂದು ಒಟ್ಟಾರೆಯಾಗಿ ಹೇಳಿದರೆ ಅದರಿಂದ ಏನೂ ತಿಳಿಯದು. ಭಯ ಯಾವುದರದ್ದೆಂದು ಕಾಗದದ ಮೇಲೆ ಬಿಡಿಬಿಡಿಯಾಗಿ ಬರೆಯಬೇಕು. ಸಂದರ್ಶನದಲ್ಲಿ ಮಲಯಾಳದಲ್ಲಿ ಉತ್ತರಿಸಬೇಕಾದೀತು ಎಂಬುದು ನಿಮ್ಮ ಅಳುಕಾಗಿದ್ದರೆ, ನಿಮ್ಮ ಓದು, ಊರು, ಅನುಭವಗಳ ಬಗ್ಗೆ ಕೇಳಬಹುದಾದ ಪ್ರಶ್ನೆಗಳಿಗೆ ಮಲಯಾಳ ಬಲ್ಲ ಗೆಳೆಯರ ಎದುರು ದಿನವೂ ಗಟ್ಟಿಯಾಗಿ ಉತ್ತರಿಸಿ ಅಭ್ಯಾಸ ಮಾಡಿ. ಪಿಎಸ್‌ಸಿಯಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆಂಬುದು ಚಿಂತೆಯಾದರೆ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುತ್ತ, ಯಾವ ಪ್ರಶ್ನೆಯನ್ನು ಬಿಟ್ಟುಬಿಡಬೇಕು ಎಂಬುದನ್ನೂ ಕಲಿಯಿರಿ. ಪಟ್ಟಿಯಲ್ಲಿ ಕೊನೆಗೆ ಉಳಿಯುವವು ಫಲಿತಾಂಶ, ಮನೆಯವರ ಮಾತು, ಇತರರ ಅಂಕ ಮೊದಲಾದ ನಮ್ಮ ಕೈಮೀರಿದ ಸಂಗತಿಗಳು. ಅವುಗಳ ಮೇಲೆ ಗೆರೆ ಎಳೆದು ಹೊಡೆದುಹಾಕಿ. ಹೀಗೆ ಮಾಡಿದಾಗ, ನಿದ್ದೆ ಕೆಡಿಸುತ್ತಿದ್ದ ಕಳವಳವೇ ಬೆಳಗ್ಗೆ ಬೇಗ ಎಬ್ಬಿಸಿ ಪುಸ್ತಕ ಹಿಡಿಸುವ ಹುರುಪಾಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಆದರೆ ಪ್ರಚೋದನೆ ಒಂದು ಹದ ಮೀರಿದರೆ ಕಷ್ಟದ ಕೆಲಸ ಕೆಡುತ್ತದೆ ಎಂಬುದನ್ನು ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿಯೇ ಇಲಿಗಳ ಪ್ರಯೋಗದಿಂದ ಕಂಡುಕೊಂಡಿದ್ದರು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋಗುವಷ್ಟು ಭಯವಿದ್ದರೆ ಅದು ಈ ಉಪಾಯಗಳಿಗೆ ಬಗ್ಗುವಂಥದ್ದಲ್ಲ. ಅಂಥವರು ವೈದ್ಯರನ್ನು ಕಾಣಬೇಕು, ಅಥವಾ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಸಂಕೋಚವಿಲ್ಲದೆ ಕರೆ ಮಾಡಬೇಕು.

ಇನ್ನು ಪರೀಕ್ಷೆಯ ಅಥವಾ ವೇದಿಕೆ ಏರುವ ದಿನದ ಮಾತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುನ್ನ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಹೇಳಿಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದವರಿಗಿಂತ ಚೆನ್ನಾಗಿ ಮಾತನಾಡಿದ್ದರು. ಅಳುಕಿನಲ್ಲೂ ಉತ್ಸಾಹದಲ್ಲೂ ದೇಹದ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅಳುಕಿನಿಂದ ಶಾಂತಿಗೆ ಇಳಿಯುವುದಕ್ಕಿಂತ ಉತ್ಸಾಹದತ್ತ ಹೊರಳುವುದು ಸುಲಭ. ಚೌಕಿಯಲ್ಲಿರುವ ಮಗುವಿಗೂ ‘ಹೆದರಬೇಡ’ ಎನ್ನುವ ಬದಲು ‘ಕುಣಿಯಲು ಮೈ ತಯಾರಾಗಿದೆ’ ಎಂದು ಹೇಳಿ, ಪ್ರವೇಶದ ಮೊದಲ ಹೆಜ್ಜೆಗಳನ್ನು ನಿಂತಲ್ಲಿಯೇ ಒಮ್ಮೆ ಹಾಕಿಸಿ ನೋಡಿ. ಪರೀಕ್ಷೆಯ ಬಗ್ಗೆ ವಿಪರೀತ ಚಿಂತಿಸುವ ವಿದ್ಯಾರ್ಥಿಗಳು ಪರೀಕ್ಷೆಗೆ ಸ್ವಲ್ಪ ಮುಂಚೆ ತಮ್ಮ ಆತಂಕಗಳನ್ನು 10 ನಿಮಿಷ ಬರೆದುಕೊಂಡಾಗ ಅಂಕಗಳು ಸುಧಾರಿಸಿದ್ದನ್ನು 2011ರ ಇನ್ನೊಂದು ಅಧ್ಯಯನ ತೋರಿಸಿದೆ. ಕೇಂದ್ರಕ್ಕೆ ಬೇಗ ತಲಪಿದವರು ಇದನ್ನು ಜಗಲಿಯಲ್ಲಿ ಕುಳಿತೇ ಮಾಡಬಹುದು.

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಬರವಣಿಗೆಗೆ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲು ದೊರೆಯುವ 15 ನಿಮಿಷಗಳ ಕೂಲ್ ಆಫ್ ಟೈಮನ್ನು ಅನೇಕರು ಕಷ್ಟದ ಪ್ರಶ್ನೆಗಳನ್ನೇ ದಿಟ್ಟಿಸುತ್ತ ಕಳೆಯುತ್ತಾರೆ. ಅದರ ಬದಲು ಖಚಿತವಾಗಿ ಗೊತ್ತಿರುವ ಪ್ರಶ್ನೆಗಳನ್ನು ಮೊದಲು ಗುರುತಿಸಿ, ಬರೆಯುವ ಕ್ರಮವನ್ನು ಮನಸ್ಸಿನಲ್ಲಿಯೇ ನಿಶ್ಚಯಿಸಿ, ಗಂಟೆ ಬಾರಿಸಿದೊಡನೆ ಅವುಗಳಲ್ಲಿ ಅತ್ಯಂತ ಸುಲಭವಾದುದಕ್ಕೆ ಉತ್ತರ ಬರೆಯಲು ತೊಡಗಬೇಕು.